ಕನ್ಯಾ ನೋಡಾಕ ಬಂದು ಕಾಲೇಜು ತೋರಿಸಿದವರು

ಗೆಳೆಯರೇ, ಇಂದು ಟಿಕೋಟಾದಲ್ಲಿ ನನ್ನ ಕಾಕಾನ ಮಗಳು ಸುನಂದಾಳನ್ನು ನೋಡಲು ಬಬಲೇಶ್ವರದಿಂದ ವರನನ್ನು ಕರೆದುಕೊಂಡು ಅವನ ಕಡೆಯವರು ಬಂದಿದ್ದರು. ಅವಳಿಗೆ ನರ್ಸ್ ಆಗುವ ಆಸೆ. ಅದಕ್ಕೆ ಲಕ್ಷಗಟ್ಟಲೆ ಬೇಕೆಂದು ಯಾರೋ ಹೇಳಿದ್ದರಿಂದ ಕಾಕಾ ಮದುವೆಯೇ ಮಾಡಿಬಿಡಲು ಹೊರಟಿದ್ದರು.

ವರನ ತಾಯಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಸಿಸ್ಟರ್. ಚುರುಮುರಿ ಸುಸಲಾದ ತಟ್ಟೆ ತಂದಿಟ್ಟ ಸುನಂದಾಳನ್ನು, "ಮುಂದ ಏನ್ ಕಲೀಬೇಕಂತೀಯವ್ವಾ?" ಎಂದು ಕೇಳಿದರು.

"ನರ್ಸಿಂಗ್ ರೀ. ಆದ್ರ ನಂದು ಪಿಯುಸಿ ಆರ್ಟ್ಸ್," ಎಂದಳು ನೆಲ ನೋಡುತ್ತ.

"ಬಿಎಸ್ಸಿಗೆ ಸೈನ್ಸ್ ಬೇಕು. ಜಿಎನ್‌ಎಂಗೆ ಆರ್ಟ್ಸ್ ನಡೀತದ. ಅದು ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ, ಹೆರಿಗಿ ಮಾಡಿಸೂದೂ ಅದರಾಗ ಕಲಸ್ತಾರ. ಮೊದಲ ಸರ್ಕಾರಿ ಸೀಟಿಗೆ ಅರ್ಜಿ ಹಾಕು, ಅಲ್ಲಿ ಲಕ್ಷಗಟ್ಟಲೆ ಬೇಕಾಗೂದಿಲ್ಲ. ವಿಜಯಪುರಕ್ಕ ಬಸ್ಸಂತೂ ಹೆಣ್ಮಕ್ಕಳಿಗೆ ಫ್ರೀ ಅದ."

ಕಾಕಾ ಮೆಲ್ಲಗೆ ಕೇಳಿದರು: "ಅಕ್ಕಾರ, ಹುಡುಗಿ ಪಸಂದ ಬಂದಾಳೇನ್ರಿ?"

"ಬಂದಾಳ್ರಿ. ಮೂರು ವರ್ಷ ಬಿಟ್ಟು ಬರ್ತೀವಿ. ಆಗ ಆಕಿಗೆ ನಮ್ಮ ಹುಡುಗ ಪಸಂದ ಬರ್ತಾನೇನು ನೋಡೂಣು."

ಕಾಕಾ ನನ್ನ ಕಡೆ ತಿರುಗಿದರು: "ನಾಳಿಗೆ ಆಕಿನ್ನ ಕರ್ಕೊಂಡು ಹೋಗಿ ಅರ್ಜಿ ಹಾಕ್ಸಿ ಬಾರವಾ."

ಹೆಣ್ಣು ನೋಡುವ ಶಾಸ್ತ್ರಗಳನ್ನು ಬಹಳ ಕಂಡಿದ್ದೇನೆ. ತಲೆ ತಗ್ಗಿಸಿ ಕೂತು, ತನ್ನನ್ನೂ ಯಾರಾದರೂ ಒಂದು ಮಾತು ಕೇಳಿಯಾರೇ ಎಂದು ಕಾದ ವರನನ್ನು ಕಂಡದ್ದು ಇಂದೇ ಮೊದಲು.