ಬೈಗುಳಕ್ಕೆ ಬೆಲೆ ಕಟ್ಟಿದ ಮಿಸ್ತ್ರಿ

ಅವರ ಎಡಗಿವಿ ಸದಾ ಗ್ರೀಸ್ ಹತ್ತಿ ಮಿರುಗುತ್ತಿತ್ತು. ಯಾವ ಜನರೇಟರ್ ಕೆಟ್ಟರೂ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೊತ್ತಿ, ಹಿಡಿಯನ್ನು ಆ ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳಿ ರೋಗ ಹೇಳುತ್ತಿದ್ದರು. ಹರಿಹರದ ಸುತ್ತಲಿನ ಗಿರಣಿಯವರೆಲ್ಲ ಈ ಜನರೇಟರ್ ಮಿಸ್ತ್ರಿಯನ್ನು ನಂಬಿದ್ದರು. ನಾನು ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೆ, ಹಾಗಾಗಿ ಯಾರನ್ನೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟು ಒಂದು ಕಂಪ್ಯೂಟರ್ ಪ್ರೋಗ್ರಾಮು. ಆನಗೋಡಿನ ಹಿಟ್ಟಿನ ಗಿರಣಿಗೆ ಬಿಸಿಲು, ಗಾಳಿ, ಡೀಸೆಲ್ ಬೆರೆಸಿ ಅತಿ ಕಡಿಮೆ ಖರ್ಚಿನಲ್ಲಿ ಕರೆಂಟ್ ಕೊಡುವುದು ಹೇಗೆಂದು ಅದು ಲೆಕ್ಕ ಹಾಕಬೇಕಿತ್ತು. ಹಾಕಿತು. ಸೋಲಾರ್ ಸೊನ್ನೆ, ಗಾಳಿಯಂತ್ರ ಸೊನ್ನೆ, ಜನರೇಟರೂ ಸೊನ್ನೆ, ಖರ್ಚು ಸೊನ್ನೆ! ಮೌಖಿಕ ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ಫೇಲಾಗುವುದು ಖಾತ್ರಿ ಎಂದು ನಾನು ಅತ್ತಿದ್ದೂ ಉಂಟು.

ಡೀಸೆಲ್ ಲೆಕ್ಕದಲ್ಲೇ ತಪ್ಪಿರಬಹುದೆಂದು ಹರಿಹರಕ್ಕೆ ಹೋಗಿ ಮಿಸ್ತ್ರಿಯನ್ನು ಕೇಳಿದೆ.

"ರೋಗೀನ ನೋಡ್ದೆ ಔಷಧ ಹೆಂಗೆ ಹೇಳ್ಲಿ ತಂಗಿ? ನಡೀರಿ," ಎಂದು ನನ್ನ ಜೊತೆಗೇ ಬಸ್ ಹತ್ತಿದರು.

ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು ಬಂದವರೇ ಸ್ಕ್ರೂಡ್ರೈವರನ್ನು ಕಂಪ್ಯೂಟರಿನ ಡಬ್ಬಿಗೆ ಒತ್ತಿ ಕಿವಿ ಕೊಟ್ಟರು. ಅಟೆಂಡರ್ ಹೌಹಾರಿ ಓಡಿಬಂದ.

"ಫ್ಯಾನಿನ ಬೇರಿಂಗ್ ಹೋಗೈತೆ," ಎಂದರು ಮಿಸ್ತ್ರಿ. ಅದೂ ನಿಜವೇ ಆಗಿತ್ತು. ಆಮೇಲೆ ಪರದೆಯ ಮೇಲಿನ ಸೊನ್ನೆಗಳನ್ನು ನೋಡಿ ಕೇಳಿದರು, "ಕರೆಂಟ್ ಹೋದ್ರೆ ಗಿರಣ್ಯಾಗೆ ಯಾರು ಬೈಸ್ಕಂತಾರೆ?"

"ಗಿರಣಿಯವ್ರು."

"ಈ ಡಬ್ಬಿಗೆ ಯಾರಾದ್ರೂ ಬೈತಾರೇನು?"

"ಇಲ್ರೀ."

"ಮತ್ತೆ? ಬೈಯೋರಿಲ್ಲ ಅಂದ್ರೆ ನಾನೂ ಯಾವ ಯಂತ್ರಾನೂ ತಗಳಂಗಿಲ್ಲ, ಮನ್ಯಾಗೆ ಮಲ್ಕಂತೀನಿ."

ನಾನು ಹಣೆ ಚಚ್ಚಿಕೊಂಡೆ. ಕರೆಂಟ್ ಕೊಡದ ಗಂಟೆಗೆ ಪ್ರೋಗ್ರಾಮಿನಲ್ಲಿ ನಾನು ಯಾವ ದಂಡವನ್ನೂ ಇಟ್ಟಿರಲಿಲ್ಲ; ಏನೂ ಕೊಳ್ಳದೆ ಸುಮ್ಮನಿರುವುದೇ ಅದಕ್ಕೆ ಅಗ್ಗವಾಗಿತ್ತು. ತಕ್ಷಣ ದಂಡವೆಂದು ದೊಡ್ಡದೊಂದು ಮೊತ್ತ ಬರೆದೆ. ಕಂಪ್ಯೂಟರು ಆ ಪುಟ್ಟ ಗಿರಣಿಗೆ ಹನ್ನೊಂದು ಗಾಳಿಯಂತ್ರ ಕೇಳಿತು.

"ಹೆದ್ರಿಕಂಡೈತೆ ಪಾಪ. ಸ್ವಲ್ಪ ಕಮ್ಮಿ ಬೈರಿ."

ಎಷ್ಟು ಬೈಯಬೇಕೆಂದು ತಿಳಿಯಲು ನನ್ನನ್ನು ಆನಗೋಡಿಗೇ ಕರೆದೊಯ್ದರು. ಜೋಳದ ಪುಟ್ಟಿ ಹಿಡಿದು ನಿಂತ ಹೆಂಗಸರು, "ಒಂದು ತಾಸು ಕಾಯ್ತೀವಿ, ಆಮ್ಯಾಕೆ ಬ್ಯಾರೆ ಗಿರಣಿ," ಎಂದರು. ಹಾಗೆ ಕೈತಪ್ಪುವ ಬೀಸುಗೂಲಿಯೇ ದಂಡವಾಯಿತು. ಮರುದಿನ ಪ್ರೋಗ್ರಾಮು ಆರು ಸೋಲಾರ್ ಹಲಗೆ, ಒಂದು ಗಾಳಿಯಂತ್ರ, ಜೊತೆಗೊಂದು ಜನರೇಟರ್ ಎಂದು ಮರ್ಯಾದೆಯಿಂದ ಉತ್ತರಿಸಿತು. ನಾನು ಪಾಸಾದೆ.

ಪೇಡೆ ಹಿಡಿದು ಹರಿಹರಕ್ಕೆ ಹೋದೆ. ಮಿಸ್ತ್ರಿ ಬಾಯಿಗೆ ಹಾಕಿಕೊಂಡು, "ಗಿರಣಿಗೆ ಹಲಗಿ ಯಾವಾಗ ಕೂಡಿಸ್ತೀರಿ? ಮಾಳಿಗಿ ಖಾಲಿ ಮಾಡ್ಸೀನಿ," ಎಂದರು.

"ಅದು ಬರೀ ಪರೀಕ್ಷೆಗೆ ಮಾಡಿದ್ದು ಮಿಸ್ತ್ರಿ."

ಅವರು ನಗಲಿಲ್ಲ. "ಇನ್ಮ್ಯಾಲೆ ಕಾಯಂಗಿಲ್ಲ ಅಂತ ಆ ಹೆಣ್ಮಕ್ಳಿಗೆ ನಾನು ಹೇಳ್ಬಿಟ್ಟೀನಲ್ಲ ತಂಗಿ," ಎಂದರು ಅಷ್ಟೇ. ಪಾಸಾದ ಸಂತೋಷವೆಲ್ಲ ಇಳಿದುಹೋಗಿ ನಾಚಿಕೆಯಾಯಿತು.

ಅವರ ಮಾತು ಉಳಿಸಲು ನನಗೆ ಒಂಬತ್ತು ವರ್ಷ ಹಿಡಿಯಿತು. ಆನಗೋಡಿನ ಮಾಳಿಗೆಯ ಮೇಲೆ ಆರು ಹಲಗೆ ಕೂಡಿಸಿದ ದಿನ ಮಿಸ್ತ್ರಿ ತೀರಿಕೊಂಡು ಎರಡು ವರ್ಷವಾಗಿತ್ತು. ಗಿರಣಿಯವರು ಹೇಳಿದರು, "ಮಿಸ್ತ್ರಿ ಮಾಳಿಗಿ ಮ್ಯಾಲೆ ಏನೂ ಇಡಾಕೆ ಬಿಡ್ತಿರ್ಲಿಲ್ರಿ. ನಮ್ ತಂಗಿ ಬರ್ತಾಳೆ ಅಂತಿದ್ರು."