ಕೊಡಗಳ ಸಾಲಿನ ಎದುರು ಒಂದು ದೊಡ್ಡ ಡಿಗ್ರಿ

ನಾನು ನಿಂತಿದ್ದದ್ದು ಹಲಸೂರು ಕೆರೆಯ ಹಿಂಬದಿಯ ಗಲ್ಲಿಯಲ್ಲಿ, ಇಸ್ತ್ರಿ ಅಂಗಡಿಯ ಮೆಟ್ಟಿಲ ಮೇಲೆ. ನೀರಿನ ಟ್ಯಾಂಕರಿನ ಹಿಂದಿನ ಚಕ್ರ ನನ್ನಿಂದ ಆರೇಳು ಅಡಿ ದೂರದಲ್ಲಿತ್ತು. ತೊಂಬತ್ತೆಂಟರ ಮಾರ್ಚ್ ತಿಂಗಳು, ಮಂಗಳವಾರ, ಬೆಳಿಗ್ಗೆ ಒಂಬತ್ತು ದಾಟಿ ಸ್ವಲ್ಪ ಹೊತ್ತಾಗಿತ್ತು. ಹತ್ತಕ್ಕೆ ನನಗೆ ತರಗತಿಯಿದ್ದುದರಿಂದ ಗಡಿಯಾರ ನೋಡಿಕೊಂಡಿದ್ದೆ.

ಪಕ್ಕದಲ್ಲಿ ರಿಚರ್ಡ್ಸ್ ಟೌನಿನ ಒಬ್ಬ ಯುವಕರಿದ್ದರು. ಇಂಗ್ಲೆಂಡಿನ ಬಹಳ ಹಳೆಯ ವಿಶ್ವವಿದ್ಯಾಲಯವೊಂದರಲ್ಲಿ ರಾಜ್ಯಶಾಸ್ತ್ರ ಓದಿ ಬಂದವರು. ಕಾರ್ಪೊರೇಷನ್ ಚುನಾವಣೆಗೆ ನಿಲ್ಲಬೇಕೆಂದಿದ್ದರು. ಅವರಿಗೆ ಕನ್ನಡ ಕಲಿಸುವುದು, ಭಾಷಣ ಬರೆದುಕೊಡುವುದು ನನ್ನ ಕೆಲಸ. ನಾನೊಬ್ಬ ಖಾಸಗಿ ಶಾಲೆಯ ಕನ್ನಡ ಮೇಷ್ಟ್ರು. ಇಂಥವರು ರಾಜಕೀಯಕ್ಕೆ ಬರಬೇಕು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಿದ್ದೆವು. ನಾನು ನಂಬಿಯೇ ಹೇಳುತ್ತಿದ್ದೆ.

ಆ ಗಲ್ಲಿಗೆ ಟ್ಯಾಂಕರ್ ಬರುತ್ತಿದ್ದದ್ದು ಮೂರು ದಿನಕ್ಕೊಮ್ಮೆ. ಮನೆಗೆಲಸದ ಹೆಂಗಸರು ಬೆಳಗಿನ ಐದಕ್ಕೇ ಕೊಡಗಳನ್ನು ಸಾಲಿನಲ್ಲಿಟ್ಟು, ಇಂದಿರಾನಗರಕ್ಕೆ ನಡೆದುಹೋಗಿ, ಎರಡು ಮನೆ ಮುಗಿಸಿ ಬರುತ್ತಿದ್ದರು. ಅಷ್ಟರಲ್ಲಿ ನೀರು ಬಂದರೆ ಸಾಲಿನಲ್ಲಿ ಹಿಂದೆ ನಿಂತವರು ಆ ಕೊಡ ತುಂಬಿಸಿ ಗೋಡೆಗೆ ಸರಿಸಿಡಬೇಕು. ಬೇರೆಯವರ ಕೊಡದ ಜಾಗ ತಪ್ಪಿಸಿದವರನ್ನು ಗಲ್ಲಿ ವರ್ಷಗಟ್ಟಲೆ ಮಾತಾಡಿಸುತ್ತಿರಲಿಲ್ಲ.

ಆ ದಿನ ಮೂರನೆಯ ಜಾಗದಲ್ಲಿದ್ದದ್ದು ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿದ ನಾಲ್ಕು ಕೊಡಗಳು. ಅವುಗಳ ಒಡತಿಯ ಮಗಳಿಗೆ ಹೆರಿಗೆಯಾಗಿ ಒಂಬತ್ತು ದಿನವಾಗಿತ್ತು. ಬಾಣಂತಿಯನ್ನು, ಮಗುವನ್ನು ಮೀಯಿಸಲು ಮನೆಯಲ್ಲಿ ಒಂದು ಚೊಂಬು ನೀರೂ ಇಲ್ಲವೆಂದು ಹಿಂದಿನ ಸಂಜೆ ಆಕೆ ನಮ್ಮಿಬ್ಬರ ಮುಂದೆಯೇ ಹೇಳಿಕೊಂಡಿದ್ದರು.

ಯುವಕರ ಯೋಚನೆ ಕೆಟ್ಟದ್ದಾಗಿರಲಿಲ್ಲ. ಪುಂಡರು ಇಪ್ಪತ್ತು ಕೊಡವಿಟ್ಟು ಸಾಲು ಹಿಡಿಯುತ್ತಾರೆಂದು ಯಾರೋ ದೂರಿದ್ದರು. ಅದಕ್ಕೆ ರಟ್ಟು ಕತ್ತರಿಸಿ, ಕೈಯಾರೆ ನಂಬರ್ ಬರೆದು, ನಿಂತವರಿಗಷ್ಟೇ ಒಂದೊಂದು ಟೋಕನ್ ಕೊಡತೊಡಗಿದರು.

ಇಸ್ತ್ರಿ ಅಂಗಡಿಯ ಅಕ್ಕ ಹೇಳಿದಳು: "ಸಾರ್, ಆ ಕೆಂಪ್ ಬಟ್ಟೆ ಕೊಡ ಇರ್ಲಿ ಸಾರ್. ಅಕ್ಕಾನೇ ನಿಂತವ್ಳೆ ಅನ್ಕೊಳಿ."

"ಕೊಡಕ್ಕೆ ವೋಟಿಲ್ಲಮ್ಮಾ," ಎಂದರು ಯುವಕರು, ನಗುತ್ತ.

"ಕೊಡಾನೇ ಎಲೆಕ್ಷನ್‌ಗೆ ನಿಲ್ಸೋಣ ಗುರು," ಎಂದು ಟ್ಯಾಂಕರಿನ ಡ್ರೈವರ್ ಸಾಲಿನವರತ್ತ ಕೂಗಿದ. "ಭಾಷಣ ಹೊಡಿಯಲ್ಲ, ಸುಮ್ನೆ ನಿಂತಿರತ್ತೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಶಿಷ್ಯರು ಕನ್ನಡದಲ್ಲಿ ತಮಾಷೆ ಮಾಡಿದ್ದು ಅದೇ ಮೊದಲು, ನನಗೆ ಹೆಮ್ಮೆಯಾಗಿತ್ತು. ಕೆಂಪು ಬಟ್ಟೆಯವೂ ಸೇರಿ, ನಿಂತವರಿಲ್ಲದ ಖಾಲಿ ಕೊಡಗಳನ್ನು ಗೋಡೆಗೆ ಸರಿಸಿದರು. ಅವುಗಳಲ್ಲಿ ಎರಡನ್ನು ಸರಿಸಿದ್ದು ನಾನು.

ನೀರು ಅರ್ಧ ಗಂಟೆಯೊಳಗೆ ಮುಗಿಯಿತು. "ನೋಡಿದ್ರಾ ಮೇಷ್ಟ್ರೇ, ಒಂದ್ ಜಗಳಾನೂ ಇಲ್ಲ," ಎಂದರು ಯುವಕರು. ನಿಜ. ಜಗಳವಾಡಬೇಕಾದವರು ಇನ್ನೂ ಇಂದಿರಾನಗರದಲ್ಲಿ ಪಾತ್ರೆ ತಿಕ್ಕುತ್ತಿದ್ದರು.

ಗಲ್ಲಿ ಇಕ್ಕಟ್ಟು. ಟ್ಯಾಂಕರ್ ಹಿಂದಕ್ಕೇ ಹೊರಡಬೇಕು. ಅದು ಹೊರಟಾಗ ಕೆಂಪು ಬಟ್ಟೆಯ ಕೊಡಗಳ ಒಡತಿ ಓಡಿಬಂದರು. ಗೋಡೆಯ ಬಳಿ ಖಾಲಿ ಕೊಡಗಳನ್ನು ಕಂಡರು. ಹಿಂಬದಿಯ ಪೈಪಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಂದು ಕೊಡ ಎತ್ತಿಕೊಂಡು ಪೈಪಿಗೆ ಹಿಡಿದರು. ಡ್ರೈವರಿಗೆ ಕಾಣುವಂತಿರಲಿಲ್ಲ. ನನಗೆ ಕಂಡಿತು. ನಾನು ಕೂಗುವಷ್ಟರಲ್ಲಿ ಕೆಸರಲ್ಲಿ ಆಕೆಯ ಕಾಲು ಜಾರಿತು. ಚಕ್ರ ಬಲಪಾದದ ಮೇಲೆ ಹೋಯಿತು. ಆಕೆ ಚೀರಲಿಲ್ಲ. "ಒಂದೇ ಕೊಡ ಅಣ್ಣಾ, ಒಂದೇ ಕೊಡ," ಎನ್ನುತ್ತಿದ್ದರು.

ಯುವಕರೇ ಆಕೆಯನ್ನು ಎತ್ತಿ ಆಟೋದಲ್ಲಿ ಶಿವಾಜಿನಗರದ ಆಸ್ಪತ್ರೆಗೆ ಒಯ್ದರು, ಸಂಜೆಯವರೆಗೂ ಅಲ್ಲಿಂದ ಕದಲಲಿಲ್ಲ. ಇದನ್ನೂ ಹೇಳಬೇಕು. ಪಾದ ಉಳಿಯಲಿಲ್ಲ.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅವರು ಕೇಳಿದರು: "ಕೊಡ ಇಟ್ಟೋರು ಕೆಲಸಕ್ಕೆ ಹೋಗಿರ್ತಾರೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀವು ಅಷ್ಟೊಂದು ಓದಿದೋರು…" ಎಂದೆ.

ಅವರು ಚುನಾವಣೆಗೆ ನಿಲ್ಲಲಿಲ್ಲ. ನಾನು ಇನ್ನಾರಿಗೂ ಭಾಷಣ ಬರೆಯಲಿಲ್ಲ.

ಈಗ ಇಂದಿರಾನಗರದ ನಿವಾಸಿಗಳ ಸಭೆಗಳಲ್ಲಿ ಅಭ್ಯರ್ಥಿಗಳ ಡಿಗ್ರಿಗಳನ್ನು ಓದಿ ಹೇಳುತ್ತಾರೆ. ದೊಡ್ಡ ವಿಶ್ವವಿದ್ಯಾಲಯದ ಹೆಸರು ಬಂದರೆ ಚಪ್ಪಾಳೆ. "ಏನಂತೀರಾ ಮೇಷ್ಟ್ರೇ?" ಎಂದು ನನ್ನ ಕಡೆ ತಿರುಗುತ್ತಾರೆ. ಓದು ಬೇಡವೆನ್ನಲಾರೆ. ಆಗಿನ ಕಾರ್ಪೊರೇಟರ್ ಹತ್ತನೇ ಕ್ಲಾಸೂ ಮುಟ್ಟಿರಲಿಲ್ಲ, ಆ ಗಲ್ಲಿಗೆ ಒಂದು ನಲ್ಲಿಯನ್ನೂ ತಂದಿರಲಿಲ್ಲ. ಆದರೆ ಆತ ತಪ್ಪು ಮಾಡಿದಾಗ ಹೆಂಗಸರು ಮನೆ ಬಾಗಿಲಿಗೇ ಹೋಗಿ ಬೈದು ಬರುತ್ತಿದ್ದರು. ಈ ಯುವಕರ ಮುಂದೆ ಇಸ್ತ್ರಿ ಅಂಗಡಿಯ ಅಕ್ಕ ಒಂದೇ ಸಲ ಹೇಳಿ ಸುಮ್ಮನಾದಳು. ನಾನು ಅಷ್ಟೂ ಹೇಳಲಿಲ್ಲ. ಇದನ್ನು ಸಭೆಯಲ್ಲಿ ವಿವರಿಸುವ ಶಕ್ತಿ ನನಗಿಲ್ಲ. ಹುಷಾರಿಲ್ಲವೆಂದು ಎದ್ದು ಬರುತ್ತೇನೆ.

ಆ ದಿನ ಅಲ್ಲಿದ್ದವರಲ್ಲಿ ನಾನಲ್ಲದೆ ನಾಲ್ವರು ಬದುಕಿದ್ದಾರೆಂದು ಬಲ್ಲೆ. ಡ್ರೈವರ್ ಕೆ.ಆರ್. ಪುರದಲ್ಲಿದ್ದಾನೆ, ಗಾಡಿ ಓಡಿಸುವುದು ಬಿಟ್ಟಿದ್ದಾನೆ. ಇಸ್ತ್ರಿ ಅಂಗಡಿಯ ಅಕ್ಕ ಅದೇ ಗಲ್ಲಿಯಲ್ಲಿದ್ದಾಳೆ. ಆ ಯುವಕರು ರಿಚರ್ಡ್ಸ್ ಟೌನಿನಲ್ಲೇ ಇದ್ದಾರೆ. ಪಾದ ಕಳೆದುಕೊಂಡ ಆಕೆ ಮಗಳ ಮನೆಯಲ್ಲಿದ್ದಾರೆ; ಕೇಳಿದವರಿಗೆ, ತಪ್ಪು ಕೆಸರಿನದು ಎನ್ನುತ್ತಾರೆ.