ಗರಿ ಕಟ್ಟಿದ ಜಾಯಿಕಾಯಿ ಮರ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ನಫೀಸಾ ಜಗಲಿ ತುಂಬ ಹಳೆ ಪೇಪರ್ ಹಾಸಿ ಜಾಯಿಪತ್ರೆ ಒಣಗಲು ಹಾಕಿದ್ದಾಳೆ. ನನ್ನ ಕುರ್ಚಿಯನ್ನೂ ಬಿಟ್ಟಿಲ್ಲ. ಮನೆಯ ಯಜಮಾನ ಅನ್ನಿಸಿಕೊಂಡವನು ಗೋಡೆಗೆ ಒರಗಿ ನಿಂತೇ ಚಹಾ ಕುಡಿಯಬೇಕಾಗಿ ಬಂದಿದೆ. ಜಾಯಿಪತ್ರೆಯ ವಾಸನೆ ನಿಮಗೂ ಗೊತ್ತಿರಬಹುದು, ಬಿರಿಯಾನಿಯಲ್ಲಿ ಸಿಕ್ಕಿರುತ್ತದೆ. ಆದರೆ ಅದು ಒಣಗಿದ್ದರದ್ದು. ಕಾಯಿ ಬಿರಿದು, ಒಳಗಿನ ಕೆಂಪು ಪತ್ರೆಯನ್ನು ಆಗಷ್ಟೇ ಬಿಡಿಸಿದಾಗಿನ ವಾಸನೆಯೇ ಬೇರೆ. ಅದು ಮೂಗಿಗೆ ಬಿದ್ದರೆ ಸಾಕು, ನಾನು ಪುತ್ತೂರು ಹತ್ತಿರದ ಈ ಸವಣೂರಿನಲ್ಲಿ ಇರುವುದಿಲ್ಲ. ಇಂಡೋನೇಷ್ಯಾದ ಒಂದು ಸಣ್ಣ ದ್ವೀಪದಲ್ಲಿ, ಸಲ್ಮಾ ಉಮ್ಮನ ಅಡುಗೆಮನೆಯ ಹಿಂದೆ ನಿಂತಿರುತ್ತೇನೆ.

ನಮ್ಮ ಜನ ಹೊಟ್ಟೆಪಾಡಿಗೆ ಪಶ್ಚಿಮಕ್ಕೆ ಹೋಗುವವರು. ದುಬೈ, ದಮ್ಮಾಮ್, ದೋಹಾ. ನಾನೊಬ್ಬ ಪೂರ್ವಕ್ಕೆ ಹೋದೆ. ಮಂಗಳೂರಿನ ಸಾಂಬಾರ ವ್ಯಾಪಾರಿಯೊಬ್ಬರಿಗೆ ಆ ದ್ವೀಪದಲ್ಲಿ ಜಾಯಿಕಾಯಿ ನೋಡಿ ಖರೀದಿಸುವವರು ಬೇಕಿತ್ತು. ನಮ್ಮ ಮನೆಯ ಹಿಂದೆ ಉಪ್ಪ, ಎಂದರೆ ನನ್ನ ಅಪ್ಪ, ನೆಟ್ಟ ನಾಲ್ಕಾರು ಜಾಯಿಕಾಯಿ ಮರಗಳಿದ್ದವು. ಅಷ್ಟೇ ನನ್ನ ವಿದ್ಯೆ. ಚಹಾದಂಗಡಿಯಲ್ಲಿ ಗೌಡರೊಬ್ಬರು, "ಎಲ್ರೂ ಮುಂದಿನ ಬಾಗಿಲಲ್ಲಿ ಹೋಗುದು, ನೀವು ಎಂತ ಮಾರಾಯ್ರೆ ಹಿತ್ತಿಲ ಬಾಗಿಲಲ್ಲಿ ಹೊರಟದ್ದು?" ಎಂದಿದ್ದರು. ನನ್ನನ್ನು ಹೆತ್ತ ಉಮ್ಮ ನೆಟ್ಟಣದ ಸ್ಟೇಶನ್‌ವರೆಗೆ ಬಂದು, ಅಕ್ಕಿರೊಟ್ಟಿಯಂಥ ಪತ್ತಿರ್ ಕಟ್ಟಿದ ಪೊಟ್ಟಣವನ್ನು ಕಿಟಕಿಯಿಂದ ಕೊಟ್ಟು, ರೈಲು ಹೊರಡುವ ಮೊದಲೇ ಬೆನ್ನು ತಿರುಗಿಸಿದರು. ಅಳುವುದು ಕಾಣಬಾರದೆಂದು.

ರೈಲು, ವಿಮಾನ, ಹಡಗು ಎಲ್ಲ ದಾಟಿದ ಮೇಲೆ ಕೊನೆಗೆ ಒಂದು ದೋಣಿ. ಅದಕ್ಕೆ ವೇಳಾಪಟ್ಟಿ ಇರಲಿಲ್ಲ. ಸಮುದ್ರ ಒಪ್ಪಬೇಕು, ಜನ ತುಂಬಬೇಕು, ಆಮೇಲೂ ಯಾರದೋ ಅಜ್ಜಿ ಮೀನು ಮಾರಿ ಬರುವವರೆಗೆ ಕಾಯಬೇಕು. ಪೂರ್ವದ ಗಾಳಿ ಎದ್ದರೆ ವಾರಗಟ್ಟಲೆ ದೋಣಿಯೇ ಇಲ್ಲ. ನಮ್ಮ ಕಡೆಯ ಸರ್ವಿಸ್ ಜೀಪಿನಲ್ಲಿ ಹಿಂದೆ ನೇತಾಡಿ ಬೆಳೆದ ನನಗೆ ಇದು ಹೊಸತೇನಲ್ಲ. ಈಜು ಬಾರದು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಸಲ್ಮಾ ಉಮ್ಮನ ಮನೆಯಲ್ಲಿ ನನಗೆ ಕೋಣೆ ಸಿಕ್ಕಿತು. ಗಂಡ ತೀರಿಕೊಂಡಿದ್ದರು, ಮಗಳು ಹಲೀಮಾ ಅಲ್ಲೇ ಪಕ್ಕದಲ್ಲಿದ್ದಳು. ಅಕ್ಕಿ ಮುಗಿದ ದಿನ ಸಾಗೋ ಎಂಬ ತಾಳೆಜಾತಿಯ ಮರದ ಹಿಟ್ಟಿನ ಅಂಟು ಗಂಜಿ ಬಡಿಸುತ್ತಿದ್ದರು. ಅಗಿಯುವಂತಿಲ್ಲ, ಹುಳಿ ಮೀನಿನ ಸಾರಿನೊಂದಿಗೆ ಸೀದಾ ನುಂಗಬೇಕು. ಮೊದಲ ದಿನ ನಾನು ಅಗಿಯಲು ಹೋಗಿ ಹಲ್ಲಿಗೆ ಹಲ್ಲು ಅಂಟಿಸಿಕೊಂಡು ಕೂತದ್ದನ್ನು ನೋಡಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆವತ್ತಿನಿಂದಲೇ ನಾನು ಅವರನ್ನು ಉಮ್ಮ ಎಂದು ಕರೆಯತೊಡಗಿದ್ದು.

ಪುತ್ತೂರು ಕಡೆಯವರ ತಲೆ ನಿಮಗೆ ಗೊತ್ತಲ್ಲ. ಎಲ್ಲಿ ಹೋದರೂ ಮೊದಲು ಕೇಳುವುದು, ಇದು ಯಾರ ಜಾಗ, ಎಷ್ಟು ಎಕರೆ, ಗಡಿ ಎಲ್ಲಿ. ನಾನೂ ಕೇಳಿದೆ. ಉಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನೆಲ ಕುಲದ್ದು, ಎಲ್ಲರದ್ದು. ಮರ ಮಾತ್ರ ಯಾರ ಹೆಸರಲ್ಲಿ ನೆಟ್ಟದ್ದೋ ಅವರದ್ದು. ಆ ಲವಂಗದ ಮರ ಅಜ್ಜನದ್ದು, ಈ ಜಾಯಿಕಾಯಿ ಆಚೆ ದ್ವೀಪಕ್ಕೆ ಮದುವೆಯಾಗಿ ಹೋದ ತಂಗಿಯದ್ದು. ಅವಳು ದೋಣಿ ಹತ್ತಿ ಬಂದು ಕೊಯ್ಯುವವರೆಗೆ ಮರಕ್ಕೆ ತೆಂಗಿನ ಎಳೆ ಗರಿ ಕಟ್ಟಿರುತ್ತಾರೆ, ನಮ್ಮಲ್ಲಿ ಭೂತದ ಕೋಲಕ್ಕೆ ಕಟ್ಟುವ ಸಿರಿಯಂಥದ್ದು. ಗರಿ ಇದ್ದರೆ ಮುಟ್ಟುವಂತಿಲ್ಲ. ಬಿಚ್ಚುವಾಗ ಮರದ ಒಡೆಯರ ಹೆಸರನ್ನು ಗಟ್ಟಿಯಾಗಿ ಕರೆದು, ಆಮೇಲೆಯೇ ಮೊದಲ ಕಾಯಿ ಕೊಯ್ಯಬೇಕು.

ಇಷ್ಟು ತಿಳಿಯುವ ಮೊದಲೇ ನನ್ನ ಎಡವಟ್ಟು ಆಗಿಹೋಗಿತ್ತು. ನಮ್ಮಲ್ಲಿ ಮರದಲ್ಲಿದ್ದರೆ ಯಜಮಾನನ ಮಾವು, ದಾರಿಗೆ ಬಿದ್ದರೆ ಹೆಕ್ಕಿದವನ ಮಾವು. ಅದೇ ಲೆಕ್ಕದಲ್ಲಿ ನಾನು ದಾರಿಯಲ್ಲಿ ಬಿದ್ದ ಜಾಯಿಕಾಯಿಗಳನ್ನು ಲುಂಗಿಯ ಮಡಿಲಲ್ಲಿ ತುಂಬಿಕೊಂಡು ಬಂದು, ಬುದ್ಧಿವಂತನಂತೆ ಉಮ್ಮನ ಮುಂದೆ ಸುರಿದೆ. ಅವರು ಬೈಯಲಿಲ್ಲ. ಕೈ ಹಿಡಿದುಕೊಂಡು ಹೋಗಿ, ಒಂದೊಂದು ಮರದ ಬುಡದಲ್ಲೂ ನಿಲ್ಲಿಸಿ, ಕಾಯಿಗಳನ್ನು ವಾಪಸ್ ಇಡಿಸಿದರು. ಯಾವ ಕಾಯಿ ಯಾವ ಮರದ್ದೆಂದು ನನಗೆಲ್ಲಿ ನೆನಪು! ಅಂದಾಜಿಗೆ ಹಂಚಿದೆ. ಊರಿನ ಮಕ್ಕಳೆಲ್ಲ ನಮ್ಮ ಹಿಂದೆ ಮೆರವಣಿಗೆ ಬಂದವು.

ನನ್ನ ಮಗಳು ಹುಟ್ಟಿದ ಸುದ್ದಿ ತಲುಪಿದ್ದು ಅಲ್ಲಿಯೇ. ದೋಣಿಕಟ್ಟೆಯ ತುದಿಯಲ್ಲಿ ಮಾತ್ರ ಫೋನ್ ಸಿಗುತ್ತಿತ್ತು. "ಹೆಣ್ಣು ಮಗು, ನಿನ್ನದೇ ಮೂಗು, ಪಾಪ," ಎಂದರು ನನ್ನ ಉಮ್ಮ. ನಾನು ಮನೆಗೆ ಬಂದು ಸುಮ್ಮನೆ ಕೂತೆ. ಮಗಳು ಹುಟ್ಟಿದಾಗ ಇಷ್ಟು ದೂರ ಇರುವ ಅಪ್ಪ ಎಂಥ ಅಪ್ಪ ಎಂದು ಅಳು ಬಂತು. ಸಲ್ಮಾ ಉಮ್ಮ ಹೆಸರು ಕೇಳಿದರು. ರೈಹಾನಾ ಎಂದೆ. ಅವರು ಜಾಯಿಕಾಯಿಯ ಸಸಿಯೊಂದನ್ನು ತಂದು ಅಡುಗೆಮನೆಯ ಹಿಂದೆ ನನ್ನ ಕೈಯಲ್ಲೇ ನೆಡಿಸಿದರು. ಮರ ರೈಹಾನಾಳದ್ದು.

ಜಾಯಿಕಾಯಿಯಲ್ಲಿ ಒಂದು ತೊಂದರೆ ಇದೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವವರೆಗೆ, ಎಂದರೆ ಏಳೆಂಟು ವರ್ಷ, ಯಾವುದೆಂದು ಗೊತ್ತಾಗುವುದಿಲ್ಲ. ಗಂಡಾದರೆ ಕಾಯಿ ಇಲ್ಲ. ನಾನು ವ್ಯಾಪಾರದವನು, ಸಂಶಯ ಹೇಳಿದೆ.

"ಹೆಣ್ಣು ಮಗುವಿಗೆ ನೆಟ್ಟದ್ದು, ಹೆಣ್ಣೇ ಆಗ್ತದೆ. ಅವಳನ್ನು ಕರ್ಕೊಂಡು ಬಾ, ಅವಳ ಕೈಯಲ್ಲೇ ಕೊಯ್ಯಿಸುವ," ಎಂದರು. ಅವರ ಭಾಷೆಯನ್ನು ನಾನು ನಮ್ಮೂರಿನ ಮಾತಿನಲ್ಲೇ ನೆನಪಿಟ್ಟುಕೊಂಡಿದ್ದೇನೆ.

ಆಮೇಲೆ ಉಪ್ಪ ಹಾಸಿಗೆ ಹಿಡಿದರು, ನಾನು ಊರಿಗೆ ಬಂದೆ. ಉಪ್ಪ ಹೋದ ಮೇಲೆ ಪೇಟೆಯ ಅವರ ಅಂಗಡಿ ನನ್ನ ಕುತ್ತಿಗೆಗೆ ಬಿತ್ತು. ಮರ ಹೂ ಬಿಟ್ಟ ವರ್ಷ ಸಲ್ಮಾ ಉಮ್ಮ ಫೋನಿನಲ್ಲಿ ಕೂಗಿದರು, "ನಾನು ಹೇಳಿರ್ಲಿಲ್ವಾ? ಹೆಣ್ಣೇ!" ಅಂದಿನಿಂದ ವರ್ಷವೂ ನಾನು "ಬರುವ ವರ್ಷ ಬರ್ತೇನೆ ಉಮ್ಮ" ಎನ್ನುವುದು, ಅವರು "ಆಗಲಿ, ಹೊಸ ಗರಿ ಕಟ್ತೇನೆ" ಎನ್ನುವುದು. ಸುಳ್ಳು ಹೇಳುತ್ತಿರಲಿಲ್ಲ, ನೋಡಿ. ಪ್ರತಿ ವರ್ಷವೂ ಹೋಗುವ ಮನಸ್ಸು ಇದ್ದೇ ಇತ್ತು.

ಕಳೆದ ವಾರ ಹಲೀಮಾ ಫೋನ್ ಮಾಡಿದಳು. ಸಲ್ಮಾ ಉಮ್ಮ ತೀರಿಹೋಗಿ ನಲವತ್ತು ದಿನ ಕಳೆದಿತ್ತು.

"ಕೊನೆಯ ಸಲ ಗರಿ ಕಟ್ಟಿದ್ದು ಅವರೇ. ಅದು ಒಣಗಿ ಉದುರ್ತಾ ಉಂಟು," ಎಂದಳು. "ಹೊಸತು ಕಟ್ಟುದಾ, ಬಿಚ್ಚುದಾ? ಕಾಯಿ ಎಲ್ಲ ನೆಲದಲ್ಲಿ ಬಿದ್ದು ಕೊಳೀತದೆ. ನೀವು ಹೇಳದೆ ನಾವು ಮುಟ್ಟುದಿಲ್ಲ."

ಕಟ್ಟು ಎಂದು ಹೇಳಲು ಬಾಯಿ ತೆರೆದಿದ್ದೆ. ಗರಿ ಇರುವಷ್ಟು ಕಾಲ ಅಲ್ಲಿ ನನಗೊಂದು ಕೆಲಸ ಬಾಕಿ ಇದೆ, ನಾನು ಹೋಗಲೇಬೇಕಾದವನು. ಬಿಚ್ಚಿದರೆ ಆ ದ್ವೀಪಕ್ಕೂ ನನಗೂ ಏನು ಸಂಬಂಧ? ಸಲ್ಮಾ ಉಮ್ಮನೂ ಇಲ್ಲ, ಕಾಯುವ ಮರವೂ ಇಲ್ಲ. ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ರೈಹಾನಾ ಪುತ್ತೂರಿನ ಕಾಲೇಜಿನಿಂದ ಬಂದು, ಬ್ಯಾಗ್ ಕೂಡ ಇಳಿಸದೆ ಎಲ್ಲ ಕೇಳಿದಳು.

"ಮರ ಯಾರದ್ದು ಉಪ್ಪಾ?"

"ನಿನ್ನದು."

"ಹಾಗಾದ್ರೆ ನೀವು ಯಾಕೆ ಯೋಚನೆ ಮಾಡುದು? ಬಿಚ್ಲಿಕ್ಕೆ ಹೇಳಿ. ಹಲೀಮಾ ಅಕ್ಕನೇ ಕೊಯ್ಯಲಿ. ಅಷ್ಟು ವರ್ಷ ಕಾದವರು ಅವರಲ್ವಾ?"

ಎಷ್ಟು ಸುಲಭವಾಗಿ ಕೊಟ್ಟುಬಿಟ್ಟಳು ಹುಡುಗಿ! ಹೆಮ್ಮೆಯಾಯಿತು. ಸಿಟ್ಟೂ ಬಂತು. ಆದರೂ ಮರುದಿನ ಹಲೀಮಾಳಿಗೆ ಬಿಚ್ಚು ಎಂದೇ ಹೇಳಿದೆ.

ಮೊನ್ನೆ ಶುಕ್ರವಾರ ಹಲೀಮಾ ವಿಡಿಯೊ ಕಾಲ್ ಮಾಡಿ ಫೋನನ್ನು ಮರದ ಕಡೆ ಹಿಡಿಸಿದಳು. ನಾನು ನೆಟ್ಟ ಬೆರಳುದ್ದದ ಸಸಿ ಅಡುಗೆಮನೆಯ ಛಾವಣಿಯನ್ನೂ ಮೀರಿ ನಿಂತಿದೆ. ಒಣಗಿದ ಗರಿಯ ಗಂಟಿಗೆ ಕೈಯಿಟ್ಟು ಹಲೀಮಾ ಗಟ್ಟಿಯಾಗಿ ಕರೆದಳು, "ರೈಹಾನಾ!" ಸುತ್ತ ನಿಂತವರೂ ಕರೆದರು. ಕಾಣದ ಸಮುದ್ರದಾಚೆ, ಕಾಣದ ಜನ ತನ್ನ ಹೆಸರನ್ನು ಒಂದು ಮರಕ್ಕೆ ಹೇಳುವುದನ್ನು ಕೇಳಿ ನನ್ನ ಮಗಳು ಶಾಲಿನ ತುದಿ ಬಾಯಿಗೆ ಒತ್ತಿಕೊಂಡಳು. ನಾನು ಮಾತ್ರ ಮರದ ಹಿಂದಿನ ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದೆ. ಅದು ಮುಚ್ಚಿತ್ತು. ಕಾಲ್ ಮುಗಿಯುವವರೆಗೂ ಅದನ್ನು ಯಾರೂ ತೆರೆಯಲಿಲ್ಲ.

ಚಹಾ ತಣ್ಣಗಾಯಿತು. ನಫೀಸಾ ಒಳಗಿನಿಂದ, "ಬಿಸಿಲು ಉಂಟು ಮಾರಾಯ್ರೆ, ಇನ್ನು ನಾಲ್ಕು ಕಾಯಿ ಕೊಯ್ದು ಕೊಡಿ," ಎನ್ನುತ್ತಾಳೆ. ದೋಟಿ ಹಿಡಿದು ಮನೆಯ ಹಿಂದೆ ಹೋದೆ. ಉಪ್ಪ ನೆಟ್ಟ ಮರ. ಎಷ್ಟೋ ವರ್ಷದಿಂದ ಕೊಯ್ಯುತ್ತಿದ್ದೇನೆ, ನನ್ನದೇ ಎಂಬಂತೆ. ಇವತ್ತು ದೋಟಿ ಎತ್ತುವ ಮೊದಲು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ನೋಡಿ, "ಉಪ್ಪಾ" ಎಂದು ಕರೆದೆ. ನಾಚಿಕೆಯಲ್ಲಿ ಸ್ವರ ಹೊರಡಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕರೆದೆ.

ರೈಹಾನಾ ಬುಟ್ಟಿ ಹಿಡಿದುಕೊಂಡು ಹಿಂದೆಯೇ ಬಂದು ನಿಂತಿದ್ದಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ಅವರ ಹೆಸರೂ ಒಮ್ಮೆ ಹೇಳಿ ಉಪ್ಪಾ," ಎಂದಳು.

ಸಲ್ಮಾ ಉಮ್ಮನಿಗೆ ಈ ಊರಿನಲ್ಲಿ ಒಂದೇ ಒಂದು ಮರ ಇಲ್ಲ. ಆದರೂ ಕರೆದೆ. "ಸಲ್ಮಾ" ಎಂದು ಅರ್ಧದಲ್ಲೇ ನಿಲ್ಲಿಸಿದೆ. ಉಳಿದ ಅರ್ಧವನ್ನು ನನ್ನ ಮಗಳು ಹೇಳಿದಳು.